ಗೇರಿನ ಹಿಡಿಯೊಳಗಿನ ವಿಭೂತಿ

ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಕಣಕಟ್ಟೆಯ ಬಸ್ ನಿಲ್ದಾಣದ ಹಿಂದಿನ ಬೀದಿಯಿಂದ ಒಂದು ಬಿಳಿ ಕಾರು ಹೊರಡುತ್ತದೆ. ಓಡಿಸುವವರು ರುದ್ರಮ್ಮ, ವಯಸ್ಸು ಐವತ್ತೇಳು. ಪಕ್ಕದ ಸೀಟಿನಲ್ಲಿ ಅವರ ಗಂಡ ಗಂಗಾಧರಯ್ಯ, ಅರವತ್ತಾರು. ಹನ್ನೊಂದು ಗಂಟೆಗೆ ಗಂಗಾಧರಯ್ಯ ಅರಸೀಕೆರೆಯ ಒಂದು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಯಂತ್ರದ ಪಕ್ಕದ ಹಾಸಿಗೆಯಲ್ಲಿ ಮಲಗಿರಬೇಕು. ನಾಲ್ಕು ತಾಸು ಯಂತ್ರ ರಕ್ತ ತೊಳೆಯುತ್ತದೆ. ಮೂರೂವರೆಗೆ ಅದೇ ಹಾಸಿಗೆಗೆ ಇನ್ನೊಬ್ಬರ ಸರದಿ. ತಡವಾಗಿ ಹೋದವರಿಗೆ ತಡವಾದಷ್ಟು ಹೊತ್ತು ಕಡಿಮೆಯಾಗುತ್ತದೆ. ಹಿಂದಿನಿಂದ ಸೇರಿಸಿ ಕೊಡಲು ಅಲ್ಲಿ ಜಾಗವಿಲ್ಲ.

ಎರಡೂವರೆ ವರ್ಷದಿಂದ ಇದು ನಡೆದಿದೆ. ಮೊದಲ ವರ್ಷ ರುದ್ರಮ್ಮನವರಿಗೆ ಭಯವಿತ್ತು. ದಾರಿಯಲ್ಲಿ ಗಂಡನ ಕತ್ತು ವಾಲಿದರೆ ಗಾಡಿ ನಿಲ್ಲಿಸಿ ಮೂಗಿನ ಹತ್ತಿರ ಕೈ ಹಿಡಿದು ನೋಡುತ್ತಿದ್ದರು. ಎರಡನೇ ವರ್ಷ ಭಯ ಹೋಯಿತು. ಅದರ ಜಾಗಕ್ಕೆ ಬೇರೇನೂ ಬರಲಿಲ್ಲ. ನೆಂಟರಿಷ್ಟರು ಬಂದು ಕಣ್ಣೊರೆಸಿಕೊಂಡರೆ ಅವರಿಗೆ ಕಾಫಿ ಕೊಟ್ಟು, ಲೋಟ ತೊಳೆದಿಟ್ಟು, ಮರುದಿನದ ಮಾತ್ರೆಗಳನ್ನು ವಿಂಗಡಿಸುತ್ತಾರೆ. ಅವರ ಮುಖದಲ್ಲಿ ಏನನ್ನಾದರೂ ಹುಡುಕಿದವರಿಗೆ ಏನೂ ಸಿಕ್ಕಿಲ್ಲ.

ಗಂಗಾಧರಯ್ಯ ನಲವತ್ತು ವರ್ಷ ಕೊಬ್ಬರಿ ವ್ಯಾಪಾರ ಮಾಡಿದವರು. ಅಟ್ಟದಿಂದ ಇಳಿಸಿದ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಉಂಡೆ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಎಂದು ಒಂದೇ ಸದ್ದಿಗೆ ಹೇಳುತ್ತಿದ್ದರು. ಈಗ ಅವರು ಎಳನೀರು ಕುಡಿಯುವಂತಿಲ್ಲ, ಕಾಯಿ ಚಟ್ನಿ ತಿನ್ನುವಂತಿಲ್ಲ. ದಿನಕ್ಕೆ ಒಂದು ಲೀಟರ್ ನೀರು, ಅಷ್ಟೇ. ಅದರಲ್ಲಿ ಕಾಫಿಯೂ ಸೇರಿತು, ಸಾರೂ ಸೇರಿತು. ಮಾರುಕಟ್ಟೆಗೆ ಹೋಗುವುದು ಮೊದಲು ನಿಂತಿತು. ಆಮೇಲೆ ತೋಟ, ಆಮೇಲೆ ಮಠದ ಸಭೆ. ಯಂತ್ರದ ಸೂಜಿಗಾಗಿ ಎಡಗೈಯ ನರ ಜೋಡಿಸಿದ ಮೇಲೆ ಆ ಕೈಯಲ್ಲಿ ಚೀಲ ಹಿಡಿಯುವುದೂ ನಿಂತಿತು.

ನಿಲ್ಲದೆ ಉಳಿದದ್ದು ಒಂದು. ಕಾರು ಹೊರಡುವ ಮೊದಲು ಗೇರಿನ ಹಿಡಿಗೆ ವಿಭೂತಿ ಹಚ್ಚುವುದು.

ಅದು ಅವರ ತಂದೆಯ ಕಾಲದ ರೂಢಿ. ಎಂಜಿನ್ನಿಗೆ ಹಚ್ಚುವವರುಂಟು, ಸ್ಟೀರಿಂಗಿಗೆ ಹಚ್ಚುವವರುಂಟು. ಇವರ ಮನೆಯಲ್ಲಿ ಗೇರಿಗೆ. ಲಾರಿ ಇದ್ದಾಗ, ಜೀಪು ಇದ್ದಾಗ, ಆಮೇಲೆ ಟೆಂಪೊ ಬಂದಾಗ, ಪ್ರತಿ ಬೆಳಿಗ್ಗೆ ಅಂಗೈಗೆ ನಾಲ್ಕು ಹನಿ ನೀರು ಬಿಟ್ಟು, ವಿಭೂತಿ ಗಟ್ಟಿಯನ್ನು ತೇದು, ಮೂರು ಬೆರಳಿನಿಂದ ಗೇರಿನ ತಲೆಯ ಮೇಲೆ ಮೂರು ಗೆರೆ ಎಳೆದು ಹೊರಡುತ್ತಿದ್ದರು. ಆ ಗಾಡಿಗಳ ಗೇರಿನ ತಲೆ ಗಟ್ಟಿ ಗುಂಡು. ಹಚ್ಚಿದ್ದು ಮೇಲೇ ಒಣಗುತ್ತಿತ್ತು, ಕೈ ತಾಗಿ ಉದುರುತ್ತಿತ್ತು.

ಈಗಿನ ಕಾರು ಆಟೋಮ್ಯಾಟಿಕ್. ಆರು ವರ್ಷದ ಹಿಂದೆ, ಸಕ್ಕರೆ ಕಾಯಿಲೆಯಿಂದ ಗಂಗಾಧರಯ್ಯನವರ ಎಡಗಾಲಿಗೆ ಸ್ಪರ್ಶವೇ ಹೋಗಿ, ಕ್ಲಚ್ ತುಳಿದದ್ದು ಕಾಲಿಗೆ ತಿಳಿಯದಂತಾದಾಗ ಕೊಂಡದ್ದು. ಅದರಲ್ಲಿ ಕ್ಲಚ್ ಇಲ್ಲ. ಗೇರಿನ ಹಿಡಿಯ ಪಕ್ಕದಲ್ಲಿ ಹೆಬ್ಬೆರಳಿಗೆ ಸಿಗುವಂತೆ ಒಂದು ಗುಂಡಿ ಇದೆ. ನಿಲ್ಲಿಸಿದ ಗಾಡಿಯ ಗೇರು ‘ಪಿ’ಯಲ್ಲಿ ಬೀಗ ಬಿದ್ದಂತೆ ಕೂತಿರುತ್ತದೆ, ಬ್ರೇಕ್ ತುಳಿದು ಆ ಗುಂಡಿ ಒತ್ತಿದರೆ ಮಾತ್ರ ಅಲ್ಲಿಂದ ಕದಲುತ್ತದೆ. ಗುಂಡಿಯ ಸುತ್ತ ಉಗುರು ಹೋಗುವಷ್ಟು ಸಂದು. ಅದರತ್ತ ಯಾರೂ ಗಮನ ಕೊಟ್ಟಿರಲಿಲ್ಲ.

ಡಯಾಲಿಸಿಸ್ ಶುರುವಾದ ತಿಂಗಳಲ್ಲೇ ಗಂಗಾಧರಯ್ಯ ಹೆಂಡತಿಗೆ ಕಾರು ಕಲಿಸಿದರು. ಕೊಬ್ಬರಿ ಕಣದಲ್ಲಿ ಹದಿನೈದು ದಿನ. ಎಡಗಾಲನ್ನು ಮಡಚಿ ಇಟ್ಟುಕೋ, ಅದಕ್ಕೆ ಇಲ್ಲಿ ಕೆಲಸವಿಲ್ಲ ಎಂಬುದು ಮೊದಲ ಪಾಠ. ರುದ್ರಮ್ಮ ಎರಡು ಸಲ ಸುಲಿದ ಕಾಯಿಯ ರಾಶಿಗೆ ನುಗ್ಗಿಸಿದರು, ಮೂರನೇ ವಾರ ರಸ್ತೆಗೆ ಇಳಿದರು. ಅಂದಿನಿಂದ ಓಡಿಸುವುದು ಅವರು, ವಿಭೂತಿ ಹಚ್ಚುವುದು ಪಕ್ಕದ ಸೀಟಿನಿಂದ ಗಂಗಾಧರಯ್ಯ. ದಿನದ ಪಾಲಿನ ನೀರಿನ ಬಾಟಲಿಯಿಂದಲೇ ನಾಲ್ಕು ಹನಿ ತೆಗೆಯುತ್ತಾರೆ. ಬಲಗೈ ಚೆನ್ನಾಗಿದೆ, ಗೇರು ಅವರ ಬಲಕ್ಕೇ ಬರುತ್ತದೆ. ಅವರು ಕೈ ಒರೆಸಿಕೊಳ್ಳುವವರೆಗೆ ರುದ್ರಮ್ಮ ಕಾಯುತ್ತಾರೆ.

ಕಳೆದ ವರ್ಷ ವೈಶಾಖದ ಒಂದು ಭಾನುವಾರ ಇಬ್ಬರೂ ಹಳೇಬೀಡಿನ ಮಗ್ಗುಲ ಬಸ್ತಿಹಳ್ಳಿಗೆ ಹೋದರು. ರುದ್ರಮ್ಮನವರ ಅಣ್ಣನ ಮಗಳು ಮೇಘಶ್ರೀಯ ಮಗುವಿಗೆ ನಾಮಕರಣ. ರಾತ್ರಿ ಅಲ್ಲೇ ಉಳಿದು, ಸೋಮವಾರ ಬೆಳಿಗ್ಗೆ ಜಾವಗಲ್ ಮೇಲೆ ನೇರ ಅರಸೀಕೆರೆಗೆ ಹೋಗುವುದೆಂದು ಮಾತಾಗಿತ್ತು. ಡಯಾಲಿಸಿಸ್ ರೋಗಿಗಳಿಗೆ ಸೋಮವಾರವೇ ಕಷ್ಟದ ದಿನ. ಶುಕ್ರವಾರದ ನಂತರ ನಡುವೆ ಎರಡು ದಿನ ಖಾಲಿ ಹೋಗಿರುತ್ತವೆ, ಕುಡಿದ ನೀರೆಲ್ಲ ಮೈಯಲ್ಲೇ ಉಳಿದಿರುತ್ತದೆ. ಸಾಲದ್ದಕ್ಕೆ ನಾಮಕರಣದಲ್ಲಿ ಗಂಗಾಧರಯ್ಯ ಎರಡು ಸಲ ಪಾಯಸ ಹಾಕಿಸಿಕೊಂಡಿದ್ದರು. ಬೆಳಿಗ್ಗೆ ಕಣ್ಣಿನ ಕೆಳಗೆ ಊತ ಬಂದಿತ್ತು. ಮಲಗಿದರೆ ಉಸಿರು ಕಟ್ಟುತ್ತದೆಂದು ಪಡಸಾಲೆಯ ಕುರ್ಚಿಯಲ್ಲಿ ಕೂತೇ ಇದ್ದರು.

ಒಂಬತ್ತೂಕಾಲಿಗೆ ರುದ್ರಮ್ಮ ಕಾರನ್ನು ಬಾಗಿಲ ಹತ್ತಿರ ತರಲು ಹೋದರು. ಎಂಜಿನ್ ಶುರುವಾಯಿತು. ಬ್ರೇಕ್ ತುಳಿದರು, ಗುಂಡಿ ಒತ್ತಿದರು. ಗುಂಡಿ ಒಳಗೆ ಹೋಗಲಿಲ್ಲ. ಎರಡೂ ಹೆಬ್ಬೆರಳು ಸೇರಿಸಿ ಒತ್ತಿದರು. ಉಗುರಿನ ಬುಡ ಬೆಳ್ಳಗಾಯಿತು, ಗೇರು ಪಿಯಲ್ಲೇ ಇತ್ತು.

ಅಂದು ಮುಹೂರ್ತದ ದಿನ. ಮೇಘಶ್ರೀ ಫೋನ್ ಹಿಡಿದು ಹಳೇಬೀಡಿನ ಬಾಡಿಗೆ ಕಾರಿನವರನ್ನೆಲ್ಲ ಕೇಳಿದಳು. ಗಾಡಿಗಳೆಲ್ಲ ಮದುವೆ ಮನೆಗಳಿಗೆ ಹೋಗಿದ್ದವು. ಬೇಲೂರಿನಿಂದ ಒಂದು ಬರಬಹುದು, ಹನ್ನೊಂದೂವರೆಯ ಮೇಲೆ ಎಂದರು. ಬಸ್ಸಿನ ಮೆಟ್ಟಿಲು ಹತ್ತುವ ಸ್ಥಿತಿಯಲ್ಲಿ ಗಂಗಾಧರಯ್ಯ ಇರಲಿಲ್ಲ. ಕೊನೆಗೆ ಮೇಘಶ್ರೀ ಸ್ಕೂಟರಿನಲ್ಲಿ ಹೋಗಿ ಹಳೇಬೀಡಿನ ಮೆಕ್ಯಾನಿಕ್ ಜವರಣ್ಣನನ್ನು ಹಿಂದೆ ಕೂರಿಸಿಕೊಂಡು ಬಂದಳು.

ಜವರಣ್ಣ ಟ್ರ್ಯಾಕ್ಟರ್, ಬೈಕು, ಗೂಡ್ಸ್ ಆಟೊ ಎಲ್ಲ ಬಿಚ್ಚಿದ್ದವನು, ಐವತ್ತರ ಆಸುಪಾಸು. ಆಟೋಮ್ಯಾಟಿಕ್ ಕಾರಿನ ಬಾಗಿಲನ್ನೂ ತೆಗೆದವನಲ್ಲ ಎಂದು ಮೊದಲೇ ಹೇಳಿದ. ಆದರೂ ಗುಂಡಿ ಒತ್ತಿ ನೋಡಿ, ತೊಂದರೆ ಹಿಡಿಯೊಳಗೇ ಇದೆ, ಹಿಡಿ ಬಿಚ್ಚಬೇಕು ಎಂದ. ಅದು ಸರಿಯಾಗಿತ್ತು. ಬಿಚ್ಚುವ ರೀತಿ ತಪ್ಪಾಗಿತ್ತು. ಮೂವತ್ತು ವರ್ಷದಲ್ಲಿ ಅವನು ಕಂಡ ಗೇರಿನ ಹಿಡಿಗಳೆಲ್ಲ ಬಾಟಲಿಯ ಮುಚ್ಚಳದಂತೆ ತಿರುಗಿಸಿದರೆ ಬರುವಂಥವು. ಇದನ್ನೂ ತಿರುಗಿಸಿದ. ಅಲ್ಲಾಡಲಿಲ್ಲ. ಬಟ್ಟೆ ಸುತ್ತಿ ಪೈಪ್ ಪಾನಾ ಹಾಕಿ ತಿರುಗಿಸಿದ. ಕಡಲೆ ಒಡೆದಂತೆ ಒಂದು ಸದ್ದು ಬಂತು. ಹಿಡಿಯ ಬುಡದ ಪ್ಲಾಸ್ಟಿಕ್ ಬಳೆ ಸೀಳಿತ್ತು.

ಆಗ ಜವರಣ್ಣ ಪಾನಾ ಕೆಳಗಿಟ್ಟು ಹಾಸನದ ಕಾರ್ ಗ್ಯಾರೇಜಿನಲ್ಲಿ ಕೆಲಸ ಮಾಡುವ ಅಕ್ಕನ ಮಗ ಸಂತುವಿಗೆ ವಿಡಿಯೊ ಕಾಲ್ ಮಾಡಿದ. ಮೇಘಶ್ರೀ ಫೋನ್ ಹಿಡಿದು ನಿಂತಳು.

“ಏನ್ಲಾ ಸಂತು, ಇದು ತಿರುಗ್ತಾನೇ ಇಲ್ವಲ್ಲೋ.”

“ಮಾವ, ಪಾನಾ ಹಾಕ್ದ್ಯಾ?”

ಜವರಣ್ಣ ಪಾನಾವನ್ನು ಕಾಲಿನಿಂದ ಸೀಟಿನ ಕೆಳಗೆ ಸರಿಸಿದ.

“ಹಾಕಿದ್ದೀಯ. ಅದು ತಿರುಗೋದಲ್ಲ ಮಾವ, ಮೇಲಕ್ಕೆ ಎಳಿಯೋದು. ಮೊದ್ಲು ಕೆಳಗಿನ ಬಳೆ ಇಳಿಸು. ಮುಂದ್ಗಡೆ ಒಂದು ತಂತಿ ಕ್ಲಿಪ್ ಇರ್ತದೆ ನೋಡು, ಕೂದ್ಲಿಗೆ ಹಾಕೋ ಪಿನ್ ಥರ. ಅದನ್ನ ಸ್ಕ್ರೂಡ್ರೈವರಲ್ಲಿ ಈಚೆ ತೆಗಿ.”

ಒಡೆದ ಬಳೆಯನ್ನೂ ಅದರ ಕೆಳಗಿನ ಚರ್ಮದ ಹೊದಿಕೆಯನ್ನೂ ಇಳಿಸಿದಾಗ ಕ್ಲಿಪ್ ಕಂಡಿತು. ಹೊರಗೆ ಬಂತು. ಜವರಣ್ಣ ಸೀಟಿನ ಮೇಲೆ ಮೊಣಕಾಲೂರಿ ಎರಡೂ ಕೈಯಿಂದ ಹಿಡಿಯನ್ನು ಎಳೆದ. ಮುಖ ದೂರ ಇಟ್ಟುಕೋ ಎಂದು ಸಂತು ಹೇಳುವಷ್ಟರಲ್ಲಿ ಹಿಡಿ ಕಿತ್ತು ಬಂದು ಅವನ ಗದ್ದಕ್ಕೆ ಬಡಿಯಿತು. ತುಟಿ ಒಡೆದು ರಕ್ತ ಬಂತು.

ಅವನು ಅದನ್ನು ಒರೆಸಿಕೊಳ್ಳಲಿಲ್ಲ. ಹಿಡಿಯನ್ನು ತಲೆಕೆಳಗು ಮಾಡಿ ಅಂಗೈ ಮೇಲೆ ಕುಟ್ಟುತ್ತಿದ್ದ. ಮೊದಲು ಪುಡಿ ಉದುರಿತು, ಆಮೇಲೆ ಸುಣ್ಣದ ಹೆಕ್ಕಳೆಯಂಥ ಚೂರುಗಳು. ಐದು ವರ್ಷ ಹೊರಡುವಾಗೆಲ್ಲ ಒದ್ದೆಯಾಗಿ ಹಚ್ಚಿದ್ದು ಗುಂಡಿಯ ಸಂದಿನಿಂದ ಒಳಗಿಳಿದು, ಒಣಗಿ, ಅದರ ಮೇಲೆ ಇನ್ನೊಂದು ದಿನದ್ದು ಇಳಿದು, ಗುಂಡಿಯ ಹಿಂದೆ ಗಟ್ಟಿ ಗೋಡೆಯಾಗಿತ್ತು.

“ಅಕ್ಕಾ, ಇದ್ರೊಳ್ಗೆ ಒಂದು ಮಠಾನೇ ಐತಲ್ಲ” ಎಂದ ಜವರಣ್ಣ.

ರುದ್ರಮ್ಮ ಅವನ ಅಂಗೈ ನೋಡಿದರು. ಆಮೇಲೆ ಪಡಸಾಲೆಯ ಕಡೆ ನೋಡಿದರು. ಗಂಗಾಧರಯ್ಯ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಎರಡೂ ಮೊಣಕೈ ತೊಡೆಗೆ ಊರಿ ಉಸಿರಾಡುತ್ತಿದ್ದರು. ಅಲ್ಲಿಂದ ಕಾರಿನ ಹಿಂಭಾಗ ಮಾತ್ರ ಕಾಣುತ್ತಿತ್ತು.

“ಅವ್ರಿಗೆ ಹೇಳ್ಬೇಡ ಜವರಣ್ಣ. ಸ್ಪ್ರಿಂಗ್ ಹೋಗಿತ್ತು ಅನ್ನು.”

“ಹೇಳ್ದಿದ್ರೆ ನಾಳೆನೂ ಹಚ್ತಾರಲ್ಲಕ್ಕಾ.”

“ಹಚ್ಲಿ.”

ಯಾಕೆ ಎಂದು ಮೇಘಶ್ರೀ ಕೇಳಿದಳು. ಅವರು ಈಗಲೂ ಮಾಡುವ ಕೆಲಸ ಅದೊಂದೇ ಎಂದಷ್ಟೇ ರುದ್ರಮ್ಮ ಹೇಳಿ, ಗಂಟೆ ನೋಡಿಕೊಂಡರು. ಹತ್ತೂ ಐವತ್ತಾಗಿತ್ತು.

ಹಿಡಿ ತೊಳೆದು ಒಣಗಿಸಿ ಕೂರಿಸುವಷ್ಟು ಹೊತ್ತು ಇರಲಿಲ್ಲ. ಹಿಡಿ ತೆಗೆದ ಜಾಗದಲ್ಲಿ ಬರಿಯ ಉಕ್ಕಿನ ಕೊಳವೆ ನಿಂತಿತ್ತು, ಅದರ ಬಾಯೊಳಗೆ ತೆಳ್ಳಗಿನ ಬಿಳಿ ಕಡ್ಡಿ. ಗುಂಡಿ ಒತ್ತಿದಾಗ ಕೆಳಗಿಳಿಯುವುದು ಆ ಕಡ್ಡಿಯೇ. ಅದನ್ನು ನೇರವಾಗಿ ಅದುಮಿದರೂ ಆದೀತು ಎಂದು ಸಂತು ಹೇಳಿದ. ರಸ್ತೆ ಇಳಿಜಾರಾಗಿತ್ತು. ಜವರಣ್ಣ ಹ್ಯಾಂಡ್ ಬ್ರೇಕ್ ಎಳೆದು, ಮುಂದಿನ ಚಕ್ರಗಳಿಗೆ ಎರಡು ಕಲ್ಲು ಕೊಟ್ಟ. ರುದ್ರಮ್ಮ ಬ್ರೇಕ್ ತುಳಿದು, ಎಡಗೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಕಡ್ಡಿ ಅದುಮಿ ಎಳೆದರು. ಗೇರು ಪಿ ಬಿಟ್ಟು ಬಂತು. ಎರಡು ಸಲ ಹಿಂದೆ ಮುಂದೆ ಮಾಡಿಸಿ ನೋಡಿದ ಜವರಣ್ಣ ಸ್ಕ್ರೂಡ್ರೈವರನ್ನು ಅವರಿಗೇ ಕೊಟ್ಟ. ಹಿಡಿ, ಕ್ಲಿಪ್, ಒಡೆದ ಬಳೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದ. ದಾರಿಯಲ್ಲಿ ಎಲ್ಲೂ ಪಿಗೆ ಹಾಕಬೇಡಿ ಎಂದ. ಚಕ್ರದಡಿ ಇಡಲು ನಿಂಬೆಹಣ್ಣು ತರಲೇ ಎಂದು ಮೇಘಶ್ರೀ ಕೇಳಿದ್ದಕ್ಕೆ ರುದ್ರಮ್ಮ ಬೇಡವೆಂದರು.

ಗಂಗಾಧರಯ್ಯನವರನ್ನು ಇಬ್ಬರು ಹಿಡಿದು ತಂದು ಕೂರಿಸಿದರು. ಅವರು ಅಭ್ಯಾಸದಂತೆ ಡಬ್ಬಿ ತೆಗೆದರು, ಅಂಗೈಗೆ ನೀರು ಬಿಟ್ಟುಕೊಂಡರು, ಬೆರಳು ಚಾಚಿದಾಗ ಬರಿಯ ಕೊಳವೆಯನ್ನು ಕಂಡರು. ಸ್ಪ್ರಿಂಗ್ ಹೋಗಿದೆಯಂತೆ ಎಂದು ರುದ್ರಮ್ಮ ಕೇಳುವ ಮೊದಲೇ ಹೇಳಿದರು. ಮೂರು ಗೆರೆ ಎಳೆಯುವಷ್ಟು ಜಾಗ ಅಲ್ಲಿರಲಿಲ್ಲ. ಗಂಗಾಧರಯ್ಯ ಒಂದು ಬೆರಳಿನಿಂದ ಕೊಳವೆಯ ಅಂಚಿಗೆ ಮುಟ್ಟಿಸಿ, ಉಳಿದದ್ದನ್ನು ಪಂಚೆಗೆ ಒರೆಸಿಕೊಂಡರು.

ಹನ್ನೆರಡು ಹತ್ತಕ್ಕೆ ಆಸ್ಪತ್ರೆ ತಲುಪಿದರು. ತೂಕ ನೋಡಿದಾಗ ನಾಲ್ಕೂವರೆ ಕೆಜಿ ಹೆಚ್ಚಿತ್ತು. ಯಂತ್ರ ನೋಡಿಕೊಳ್ಳುವ ಸುಷ್ಮಿತಾ ಎಂಬ ಹುಡುಗಿ ಗೋಡೆಯ ಗಡಿಯಾರ ತೋರಿಸಿ, ಎರಡೂಮುಕ್ಕಾಲು ತಾಸಷ್ಟೇ ಸಿಗುವುದು, ಇಳಿದಷ್ಟು ಇಳಿಯುತ್ತದೆ, ಬುಧವಾರದವರೆಗೆ ನೀರು ಅರ್ಧ ಮಾಡಿ ಎಂದಳು. ಬೈಯಲಿಲ್ಲ. ಅಂದು ಎರಡೂವರೆ ಕೆಜಿ ಇಳಿಯಿತು. ಮಂಗಳವಾರ ಇಡೀ ದಿನ ಗಂಗಾಧರಯ್ಯ ಕುರ್ಚಿಯಲ್ಲೇ ಕಳೆದರು.

ಆ ಸೋಮವಾರ ಗಂಡ ಯಂತ್ರದಲ್ಲಿದ್ದಾಗ ರುದ್ರಮ್ಮ ಆಸ್ಪತ್ರೆಯ ಅಂಗಳದಲ್ಲಿ ಕಾರಿನ ಬಾಗಿಲು ತೆರೆದಿಟ್ಟುಕೊಂಡು ಕೂತು ಹಿಡಿಯನ್ನು ಶುಚಿ ಮಾಡಿದರು. ಹಳೆಯ ಹಲ್ಲುಜ್ಜುವ ಬ್ರಷ್ಷು, ಬಿಸಿನೀರು, ಕಿವಿಗೆ ಹಾಕುವ ಹತ್ತಿಕಡ್ಡಿ. ಸಂತುವಿಗೆ ತಾವೇ ಫೋನ್ ಮಾಡಿ ಕೂರಿಸುವ ಕ್ರಮ ಕೇಳಿದರು. ಗುಂಡಿ ಒತ್ತದೆ ನೇರ ಕೆಳಗೆ ಒತ್ತಬೇಕು, ಕ್ಲಿಪ್ ಕೊನೆಗೆ. ಒಡೆದ ಬಳೆಗೆ ಅಂಟು ಹಾಕಿದರು. ಮೂರೂಕಾಲಿಗೆ ಎಲ್ಲ ಮೊದಲಿನಂತೆ ಕಾಣುತ್ತಿತ್ತು.

ಅಲ್ಲಿಂದ ಮುಂದೆ ತಿಂಗಳಿಗೊಮ್ಮೆ, ಮೊದಲ ಶುಕ್ರವಾರ, ಅದೇ ಅಂಗಳದಲ್ಲಿ ಅದೇ ಕೆಲಸ. ಬಾಗಿಲ ಚೀಲದಲ್ಲಿ ಸ್ಕ್ರೂಡ್ರೈವರ್, ಬ್ರಷ್ಷು, ಫ್ಲಾಸ್ಕಿನಲ್ಲಿ ಬಿಸಿನೀರು. ನಾಲ್ಕನೇ ತಿಂಗಳಿಗೆ ಹಿಡಿ ತೆಗೆದು ಹಾಕಲು ಅವರಿಗೆ ಆರು ನಿಮಿಷ ಸಾಕಾಯಿತು. ಬೇರೆ ರೋಗಿಗಳ ಹೆಂಡಿರು, ಮಕ್ಕಳು ಮೊದಲು ಸುತ್ತ ನಿಂತು ನೋಡುತ್ತಿದ್ದರು, ಆಮೇಲೆ ನೋಡುವುದನ್ನು ಬಿಟ್ಟರು. ಗಂಡ ವಾರಕ್ಕೆ ಮೂರು ಸಲ ಹಚ್ಚುತ್ತಿದ್ದರು, ಹೆಂಡತಿ ತಿಂಗಳಿಗೊಮ್ಮೆ ತೆಗೆಯುತ್ತಿದ್ದರು. ಕ್ಲಿಪ್ ಹೀಗೆ ಪದೇ ಪದೇ ತೆಗೆಯಲು ಮಾಡಿದ್ದಲ್ಲ, ಸಡಿಲವಾಗುತ್ತದೆ ಎಂದು ಸಂತು ಎರಡು ಸಲ ಎಚ್ಚರಿಸಿದ. ರುದ್ರಮ್ಮ ಸರಿ ಎಂದರು, ನಿಲ್ಲಿಸಲಿಲ್ಲ.

ಹನ್ನೊಂದನೇ ತಿಂಗಳ ಒಂದು ಸೋಮವಾರ, ಅರಸೀಕೆರೆಯ ರೈಲು ಸೇತುವೆಯ ಕೆಳಗೆ, ಹತ್ತೂ ನಲವತ್ತಕ್ಕೆ, ಎದುರಿನಿಂದ ಬಂದ ಬಸ್ಸಿಗೆ ದಾರಿ ಬಿಡಲು ಕಾರನ್ನು ಹಿಂದಕ್ಕೆ ತೆಗೆಯಬೇಕಾಯಿತು. ರುದ್ರಮ್ಮ ಗುಂಡಿ ಒತ್ತಿ ಗೇರು ದೂಡಿದರು. ಹಿಡಿ ಇಡಿಯಾಗಿ ಕಿತ್ತು ಅವರ ಕೈಗೆ ಬಂತು. ಅರ್ಧ ಒಣಗಿದ ವಿಭೂತಿಯ ಕೆಸರು ಸೀರೆಯ ಮೇಲೆ ಬಿತ್ತು. ಬಸ್ಸಿನವನು ಹಾರ್ನ್ ಮಾಡುತ್ತಲೇ ಇದ್ದ. ರುದ್ರಮ್ಮ ಹಿಡಿಯನ್ನು ಮಡಿಲಲ್ಲಿ ಹಾಕಿಕೊಂಡು, ನೋಡದೆಯೇ ಬಾಗಿಲ ಚೀಲದಿಂದ ಸ್ಕ್ರೂಡ್ರೈವರ್ ತೆಗೆದು, ಕೊಳವೆಯೊಳಗಿನ ಕಡ್ಡಿ ಅದುಮಿ ಗೇರು ಬದಲಿಸಿ, ಕಾರನ್ನು ಹಿಂದಕ್ಕೆ ತೆಗೆದು ಬಸ್ಸಿಗೆ ದಾರಿ ಬಿಟ್ಟರು. ಮತ್ತೆ ಅದುಮಿ ಮುಂದಕ್ಕೆ ಹೊರಟರು. ಎಲ್ಲ ಸೇರಿ ಅರ್ಧ ನಿಮಿಷ.

ಗಂಗಾಧರಯ್ಯ ಅವರ ಕೈಯನ್ನು ನೋಡುತ್ತಿದ್ದರು. ಆಮೇಲೆ ಸೀರೆಯ ಮೇಲೆ ಬಿದ್ದದ್ದನ್ನು ನೋಡಿದರು.

“ಎಷ್ಟ್ ಸಲ ಬಿಚ್ಚಿದ್ದೀಯ ಇದನ್ನ?”

“ತಿಂಗ್ಳಿಗೊಂದ್ಸಲ.”

“ಹಳೇಬೀಡಲ್ಲಿ ಸ್ಪ್ರಿಂಗ್ ಅಂದಿದ್ದೆ.”

“ಹೂಂ.”

ಪೇಟೆಯ ಮೊದಲ ಅಂಗಡಿಗಳು ಬಂದವು.

“ಗಾಡಿ ಓಡ್ಲಿ ಅಂತ ಹಚ್ತಿದ್ದೆ ಕಣೇ.”

“ಓಡ್ತಲ್ಲ” ಎಂದರು ರುದ್ರಮ್ಮ.

ಹನ್ನೊಂದಕ್ಕೆ ಎರಡು ನಿಮಿಷ ಇರುವಾಗ ಆಸ್ಪತ್ರೆ ತಲುಪಿದರು. ಸುಷ್ಮಿತಾ ತೂಕ ಬರೆದುಕೊಂಡು ಎರಡು ಸೂಜಿ ಚುಚ್ಚಿದಳು. ರುದ್ರಮ್ಮ ಹೊರಗೆ ಬಂದು ಸೀರೆ ತೊಳೆದುಕೊಂಡು, ಹಿಡಿಯನ್ನು ಶುಚಿ ಮಾಡಿ, ಕ್ಲಿಪ್ಪಿನ ಬದಲು ತಂತಿ ಸುತ್ತಿ ಕೂರಿಸಿದರು. ಹೊಸ ಹಿಡಿಯನ್ನೂ ಕ್ಲಿಪ್ಪನ್ನೂ ಬಸ್ಸಿನಲ್ಲಿ ಕಳಿಸಲು ಸಂತುವಿಗೆ ಹೇಳಿದರು. ಅದು ಮಂಗಳವಾರ ಸಂಜೆ ಬಂತು.

ಬುಧವಾರ ಹತ್ತು ಗಂಟೆಗೆ ಇಬ್ಬರೂ ಕಾರಿನಲ್ಲಿ ಕೂತರು. ಹೊಸ ಹಿಡಿ ಕಪ್ಪಗೆ ಹೊಳೆಯುತ್ತಿತ್ತು. ರುದ್ರಮ್ಮ ಎಂಜಿನ್ ಶುರು ಮಾಡಿ, ಬ್ರೇಕ್ ಮೇಲೆ ಕಾಲಿಟ್ಟು ಕಾದರು. ಗಂಗಾಧರಯ್ಯ ಎರಡೂ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಎದುರಿನ ಗಾಜನ್ನು ನೋಡುತ್ತಿದ್ದರು. ಹಚ್ಚಿ ಎಂದು ರುದ್ರಮ್ಮ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಬೀದಿಯಲ್ಲಿ ಹಾಲಿನ ಕ್ಯಾನು ಹೊತ್ತ ಬೈಕೊಂದು ಹಾದುಹೋಯಿತು.

“ನಡಿ, ಹೊತ್ತಾಯ್ತು” ಎಂದರು ಗಂಗಾಧರಯ್ಯ.

ರುದ್ರಮ್ಮ ಗುಂಡಿ ಒತ್ತಿದರು.